ವಿಟಮಿನ್ ಡಿ: ಓದಿದ್ದು ಅರ್ಧ, ಹೇಳಿದ್ದು ಪೂರ್ತಿ

ಈ ಸಂಚಿಕೆಗೆ ಒಂದು ವಿಜ್ಞಾನ ಲೇಖನ ಬರೆದುಕೊಡು ಎಂದು ಜೀವಶಾಸ್ತ್ರದ ಮೇಡಂ ಕೇಳಿದಾಗ ನಾನೇ ವಿಟಮಿನ್ ಡಿ ವಿಷಯ ಆರಿಸಿಕೊಂಡೆ. ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಇದರಿಂದಲೇ ಒಂದು ಅನಾಹುತ ಆಯಿತು. ಅದರಲ್ಲಿ ನನ್ನ ಪಾಲೂ ಇದೆ. ಆದ್ದರಿಂದ ಮೊದಲು ಆ ಸಂಗತಿ ಹೇಳಿ, ಆಮೇಲೆ ವಿಜ್ಞಾನಕ್ಕೆ ಬರುತ್ತೇನೆ.

ನನ್ನ ಖಾಲಾ, ಅಂದರೆ ಅಮ್ಮಿಯ ಅಕ್ಕ, ಹರಿಹರದಲ್ಲಿದ್ದಾರೆ. ಎರಡು ವರ್ಷದ ಹಿಂದೆ ಅವರಿಗೆ ಸ್ತನ ಕ್ಯಾನ್ಸರ್ ಆಗಿತ್ತು. ಆಪರೇಷನ್ ಆಯಿತು, ಕೀಮೋ ಆಯಿತು, ಉದುರಿದ ಕೂದಲು ಮತ್ತೆ ಬಂತು. ಈಗ ಐದು ವರ್ಷ ದಿನಕ್ಕೊಂದು ಮಾತ್ರೆ ನುಂಗಬೇಕು. ಆ ಮಾತ್ರೆ ದೇಹದಲ್ಲಿ ಈಸ್ಟ್ರೋಜನ್ ಕಡಿಮೆ ಮಾಡುತ್ತದೆ, ಅದರಿಂದ ಮೂಳೆ ಸವೆಯುವ ಭಯ ಇರುತ್ತದೆ. ಹಾಗಾಗಿ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿದರು. ವಿಟಮಿನ್ ಡಿ ಒಂದು ಮಿಲಿಲೀಟರಿಗೆ 11 ನ್ಯಾನೋಗ್ರಾಂ ಬಂತು. 20ಕ್ಕಿಂತ ಕಡಿಮೆ ಇದ್ದರೆ ಕೊರತೆ ಎಂದು ಲೆಕ್ಕ. ಹಾಲಿನಲ್ಲಿ ಕದಡಿ ಕುಡಿಯುವ ಪುಡಿ ಬರೆದುಕೊಟ್ಟರು: 60,000 ಯೂನಿಟ್‌ನ ಒಂದು ಪೊಟ್ಟಣ ವಾರಕ್ಕೊಮ್ಮೆ, ಎಂಟು ವಾರ. ಜೊತೆಗೆ ಕ್ಯಾಲ್ಸಿಯಂ ಮಾತ್ರೆ.

ಅದೇ ದಿನಗಳಲ್ಲಿ ಖಾಲುವಿನ ಮೊಬೈಲಿಗೆ ವಾಟ್ಸಾಪಿನಲ್ಲಿ ಒಂದು ಸಂದೇಶ ಬಂತು. ವಿಟಮಿನ್ ಡಿ ಹೆಚ್ಚು ಕೊಟ್ಟರೆ ಕ್ಯಾನ್ಸರ್ ಕೋಶಗಳು ಬೆಳೆಯುವುದನ್ನು ನಿಲ್ಲಿಸುತ್ತವೆ, ಕಂಪನಿಗಳು ಇದನ್ನು ಮುಚ್ಚಿಟ್ಟಿವೆ ಎಂದು ಅದರಲ್ಲಿತ್ತು. ಖಾಲು ಅದನ್ನು ನನಗೆ ಕಳಿಸಿ, "ನೀನು ಸೈನ್ಸ್ ಓದುವವಳು, ಇದು ನಿಜವಾ ನೋಡಿ ಹೇಳು ಬೇಟಿ" ಎಂದರು. ನಾನು ಹತ್ತು ನಿಮಿಷ ಮೊಬೈಲಿನಲ್ಲಿ ಹುಡುಕಿದೆ. ಲ್ಯಾಬಿನಲ್ಲಿ ಕ್ಯಾನ್ಸರ್ ಕೋಶಗಳ ಮೇಲೆ ವಿಟಮಿನ್ ಡಿ ಪರಿಣಾಮ ಮಾಡಿದ್ದು ಕಂಡಿತು. ಅರ್ಧ ಪುಟ ಓದಿದೆ. "ಹೌದು ಖಾಲು, ಕಂಪನಿ ವಿಷಯ ಗೊತ್ತಿಲ್ಲ, ಆದರೆ ಲ್ಯಾಬಿನಲ್ಲಿ ಸಾಬೀತಾಗಿದೆ" ಎಂದೆ. ನನಗೆ ಹೆಮ್ಮೆಯೂ ಆಯಿತು.

ವಾರಕ್ಕೊಂದು ಇದ್ದ ಪೊಟ್ಟಣ ಮಾರನೆಯ ದಿನದಿಂದ ದಿನಕ್ಕೊಂದು ಆಯಿತು. ಇದು ನನಗೆ ಗೊತ್ತಾಗಿದ್ದು ಬಹಳ ತಡವಾಗಿ. ಡಾಕ್ಟರ ಚೀಟಿ ಹಳೆಯದಾದರೂ ಮೆಡಿಕಲ್ ಶಾಪಿನಲ್ಲಿ ಯಾರೂ ಕೇಳಲಿಲ್ಲ. ಈದ್ ದಿನ ಖಾಲಾ ನಮ್ಮ ಮನೆಗೆ ಬಂದಾಗ ಶೀರ್ ಖುರ್ಮಾ ಬಾಯಿಗಿಡಲಿಲ್ಲ, ಹೊಟ್ಟೆ ತೊಳಸುತ್ತದೆ ಎಂದರು. ಎಷ್ಟು ನೀರು ಕುಡಿದರೂ ಬಾಯಾರಿಕೆ. ಬೇಸಿಗೆಯಲ್ಲವೇ ಎಂದು ನಾವು ಸುಮ್ಮನಾದೆವು. ಮುಂದೆ ಎರಡು ವಾರಕ್ಕೆ ಮಲಬದ್ಧತೆ, ವಾಂತಿ, ವಿಪರೀತ ಸುಸ್ತು. ಒಂದು ಬೆಳಿಗ್ಗೆ ನನ್ನ ಅಮ್ಮಿಯ ಹೆಸರೇ ಅವರಿಗೆ ನೆನಪಾಗಲಿಲ್ಲ. ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದೆವು. ರಕ್ತದಲ್ಲಿ ಕ್ಯಾಲ್ಸಿಯಂ ಒಂದು ಡೆಸಿಲೀಟರಿಗೆ 13.8 ಮಿಲಿಗ್ರಾಂ. ಇರಬೇಕಾದದ್ದು ಸುಮಾರು 8.5ರಿಂದ 10.5. ಕಿಡ್ನಿಯ ಕೆಲಸವೂ ಕುಗ್ಗಿತ್ತು.

ಕ್ಯಾನ್ಸರ್ ಮೂಳೆಗೆ ಹರಡಿದರೂ ರಕ್ತದ ಕ್ಯಾಲ್ಸಿಯಂ ಹೀಗೆ ಏರಬಹುದಂತೆ. ಡಾಕ್ಟರು ಮೊದಲು ಅದನ್ನೇ ಅನುಮಾನಿಸಿದರು. ಎರಡು ರಾತ್ರಿ ನಮ್ಮ ಮನೆಯಲ್ಲಿ ಯಾರೂ ಮಲಗಲಿಲ್ಲ. ಮೂರನೆಯ ದಿನ ಒಬ್ಬ ಯುವ ಡಾಕ್ಟರು ಬಂದು, "ಮನೆಯಲ್ಲಿ ಏನೇನು ಕೊಡ್ತಿದ್ರಿ? ಮಾತ್ರೆ, ಪುಡಿ, ಕಷಾಯ, ಏನಿದ್ದರೂ ತಂದು ತೋರಿಸಿ" ಎಂದರು. ಖಾಲು ಒಂದು ಬಿಸ್ಕತ್ತಿನ ಡಬ್ಬಿ ತಂದರು. ಅದರಲ್ಲಿ ಖಾಲಿ ಪೊಟ್ಟಣಗಳನ್ನು ಜೋಡಿಸಿಟ್ಟಿದ್ದರು. ಎಣಿಸಿದರೆ 83.

ಆ ಡಬ್ಬಿ ನೋಡಿದ ಮೇಲೆ ನಾನು ಓದದೆ ಬಿಟ್ಟಿದ್ದ ಉಳಿದರ್ಧವನ್ನು ಓದಲು ಶುರು ಮಾಡಿದೆ. ಮುಂದೆ ಬರೆದಿರುವುದು ಅದೇ.

ಹೆಸರು ವಿಟಮಿನ್, ಕೆಲಸ ಹಾರ್ಮೋನಿನದು

ವಿಟಮಿನ್ ಎಂದರೆ ದೇಹ ತಾನೇ ತಯಾರಿಸಿಕೊಳ್ಳಲಾಗದ, ಆಹಾರದಿಂದಲೇ ಬರಬೇಕಾದ ವಸ್ತು ಎಂದು ನಾವು ಓದಿದ್ದೇವೆ. ಡಿ ಈ ವ್ಯಾಖ್ಯೆಗೆ ಸರಿಯಾಗಿ ಹೊಂದುವುದಿಲ್ಲ. ಇಂಗ್ಲೆಂಡಿನ ಎಡ್ವರ್ಡ್ ಮೆಲ್ಲನ್‌ಬಿ 1919ರಲ್ಲಿ ನಾಯಿಮರಿಗಳ ರಿಕೆಟ್ಸ್ ರೋಗವನ್ನು ಕಾಡ್ ಮೀನಿನ ಎಣ್ಣೆಯಿಂದ ತಡೆಯಬಹುದೆಂದು ತೋರಿಸಿದರು. ಅಮೆರಿಕದ ಎಲ್ಮರ್ ಮೆಕಾಲಮ್ ಆ ಎಣ್ಣೆಯಲ್ಲಿದ್ದ ಅಂಶಕ್ಕೆ 1922ರಲ್ಲಿ ವಿಟಮಿನ್ ಡಿ ಎಂದು ಹೆಸರಿಟ್ಟರು. ಆದರೆ ಅದೇ 1919ರಲ್ಲಿ ಬರ್ಲಿನ್‌ನಲ್ಲಿ ಕುರ್ಟ್ ಹುಲ್ಡ್‌ಶಿನ್ಸ್ಕಿ ಎಂಬ ಮಕ್ಕಳ ವೈದ್ಯರು ಯಾವ ಎಣ್ಣೆಯೂ ಇಲ್ಲದೆ, ಬರಿಯ ಅತಿನೇರಳೆ ದೀಪದ ಬೆಳಕಿನಿಂದಲೇ ರಿಕೆಟ್ಸ್ ಗುಣಪಡಿಸಿದ್ದರು. ಬೆಳಕು ಬಿದ್ದರೆ ದೇಹವೇ ಇದನ್ನು ತಯಾರಿಸಿಕೊಳ್ಳುತ್ತದೆ ಎಂದಾಯಿತು.

ಅದರ ದಾರಿ ಹೀಗಿದೆ. ನಮ್ಮ ಚರ್ಮದಲ್ಲಿ ಕೊಲೆಸ್ಟರಾಲ್‌ನ ಹತ್ತಿರದ ಸಂಬಂಧಿಯಾದ ಒಂದು ವಸ್ತುವಿದೆ. ಅದರ ಮೇಲೆ ಬಿಸಿಲಿನಲ್ಲಿರುವ ಅತಿನೇರಳೆ-ಬಿ ಕಿರಣ ಬಿದ್ದಾಗ ಅದರ ಒಂದು ಉಂಗುರ ಒಡೆಯುತ್ತದೆ. ದೇಹದ ಶಾಖದಲ್ಲಿ ಅದು ವಿಟಮಿನ್ ಡಿ3 ಆಗುತ್ತದೆ. ಈ ಡಿ3 ಇನ್ನೂ ಕೆಲಸಕ್ಕೆ ಬಾರದ ಕಚ್ಚಾ ಸಾಮಾನು. ಲಿವರ್‌ನಲ್ಲಿ ಅದಕ್ಕೆ ಒಂದು ಹೈಡ್ರಾಕ್ಸಿಲ್ ಗುಂಪು ಸೇರುತ್ತದೆ. ಪ್ರಯೋಗಾಲಯದಲ್ಲಿ ನಮ್ಮ ರಕ್ತ ತೆಗೆದು ಅಳೆಯುವುದು ಈ ರೂಪವನ್ನು. ಆಮೇಲೆ ಕಿಡ್ನಿಯಲ್ಲಿ ಇನ್ನೊಂದು ಹೈಡ್ರಾಕ್ಸಿಲ್ ಸೇರಿ ಕ್ಯಾಲ್ಸಿಟ್ರಿಯಾಲ್ ತಯಾರಾಗುತ್ತದೆ. ನಿಜವಾದ ಕೆಲಸ ಮಾಡುವುದು ಇದೇ. ಇದರ ರಚನೆ ಗೊತ್ತಾಗಿದ್ದು 1971ರಲ್ಲಿ.

ಒಂದು ಅಂಗದಲ್ಲಿ ತಯಾರಾಗಿ, ರಕ್ತದಲ್ಲಿ ಸಾಗಿ, ಬೇರೆ ಅಂಗಕ್ಕೆ ಆಜ್ಞೆ ಕೊಡುವ ವಸ್ತುವಿಗೆ ನಾವು ಪ್ರಥಮ ಪಿಯುಸಿಯ ಜೀವಶಾಸ್ತ್ರದಲ್ಲಿ ಏನೆಂದು ಕರೆದೆವು? ಹಾರ್ಮೋನು. ಕ್ಯಾಲ್ಸಿಟ್ರಿಯಾಲ್ ಒಂದು ಹಾರ್ಮೋನು. ಈ ಮಾತನ್ನು ನೆನಪಿಟ್ಟುಕೊಂಡರೆ ಉಳಿದದ್ದೆಲ್ಲ ಸುಲಭ. ಥೈರಾಯ್ಡ್ ಮಾತ್ರೆಯನ್ನೋ ಇನ್ಸುಲಿನ್ನನ್ನೋ ಯಾರೂ "ಹೆಚ್ಚಾದರೆ ಒಳ್ಳೆಯದೇ" ಎಂದು ತೆಗೆದುಕೊಳ್ಳುವುದಿಲ್ಲ. ವಿಟಮಿನ್ ಎಂಬ ಹೆಸರಿನಿಂದಾಗಿ ಡಿ ವಿಷಯದಲ್ಲಿ ಮಾತ್ರ ಆ ಎಚ್ಚರ ನಮಗಿರುವುದಿಲ್ಲ.

ಕ್ಯಾಲ್ಸಿಯಂನ ಜಮಾ ಖರ್ಚು

ವಯಸ್ಕರ ದೇಹದಲ್ಲಿ ಸುಮಾರು ಒಂದು ಕಿಲೋ ಕ್ಯಾಲ್ಸಿಯಂ ಇರುತ್ತದೆ. ಅದರಲ್ಲಿ 99 ಪಾಲು ಮೂಳೆ ಮತ್ತು ಹಲ್ಲಿನಲ್ಲಿ. ರಕ್ತದಲ್ಲಿರುವುದು ಒಂದು ಗ್ರಾಂಗಿಂತಲೂ ಕಡಿಮೆ. ಆದರೆ ಜೀವ ನಿಂತಿರುವುದು ಆ ಸ್ವಲ್ಪದರ ಮೇಲೆ. ಹೃದಯ ಬಡಿಯುವುದು, ಸ್ನಾಯು ಕುಗ್ಗುವುದು, ನರದ ಸಂದೇಶ ಹೋಗುವುದು, ಗಾಯವಾದರೆ ರಕ್ತ ಹೆಪ್ಪುಗಟ್ಟುವುದು ಎಲ್ಲಕ್ಕೂ ಅದು ಬೇಕು. ಕಡಿಮೆಯಾದರೆ ಕೈಕಾಲು ಸೆಟೆದುಕೊಳ್ಳುತ್ತವೆ, ಹೆಚ್ಚಾದರೆ ಖಾಲಾಗೆ ಆದ ಹಾಗೆ ಆಗುತ್ತದೆ. ಅದಕ್ಕೇ ದೇಹ ಇದನ್ನು ತೀರ ಸಣ್ಣ ಮಿತಿಯೊಳಗೆ ಕಾಪಾಡುತ್ತದೆ.

ಕಾಯುವವರು ಮುಖ್ಯವಾಗಿ ಇಬ್ಬರು. ಒಂದು, ಕುತ್ತಿಗೆಯಲ್ಲಿ ಥೈರಾಯ್ಡ್ ಹಿಂದೆ ಇರುವ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳ ಹಾರ್ಮೋನು. ಇನ್ನೊಂದು, ಕ್ಯಾಲ್ಸಿಟ್ರಿಯಾಲ್. ರಕ್ತದಲ್ಲಿ ಕ್ಯಾಲ್ಸಿಯಂ ಸ್ವಲ್ಪ ಇಳಿದರೂ ಪ್ಯಾರಾಥೈರಾಯ್ಡ್ ಹಾರ್ಮೋನು ಏರುತ್ತದೆ. ಅದು ಮೂಳೆಯಿಂದ ಕ್ಯಾಲ್ಸಿಯಂ ಬಿಡಿಸುತ್ತದೆ, ಮೂತ್ರದಲ್ಲಿ ಪೋಲಾಗದಂತೆ ಕಿಡ್ನಿಗೆ ಹೇಳುತ್ತದೆ, ಜೊತೆಗೆ ಕ್ಯಾಲ್ಸಿಟ್ರಿಯಾಲ್ ಹೆಚ್ಚು ತಯಾರಿಸು ಎಂದೂ ಹೇಳುತ್ತದೆ. ಕ್ಯಾಲ್ಸಿಟ್ರಿಯಾಲ್ ಕರುಳಿಗೆ ಹೋಗಿ ಊಟದಲ್ಲಿನ ಕ್ಯಾಲ್ಸಿಯಂ ಹೀರುವ ಪ್ರೋಟೀನುಗಳನ್ನು ಹೆಚ್ಚಿಸುತ್ತದೆ. ಡಿ ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂನಲ್ಲಿ ನೂರಕ್ಕೆ 10ರಿಂದ 15 ಪಾಲು ಮಾತ್ರ ಒಳಗೆ ಹೋಗುತ್ತದೆ. ಡಿ ಸಾಕಷ್ಟಿದ್ದರೆ 30ರಿಂದ 40 ಪಾಲು. ರಾಗಿ ಮುದ್ದೆ ತಿಂದೂ ಮೂಳೆ ನೋವು ಬರಬಹುದಾದದ್ದು ಇದರಿಂದಲೇ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದ್ದರೂ ಅದನ್ನು ಒಳಕ್ಕೆ ಕರೆದುಕೊಳ್ಳಲು ಡಿ ಬೇಕು.

ರಕ್ತದ ಕ್ಯಾಲ್ಸಿಯಂ ಮತ್ತೆ ಸರಿಯಾದಾಗ ಪ್ಯಾರಾಥೈರಾಯ್ಡ್ ಸುಮ್ಮನಾಗುತ್ತದೆ, ಕಿಡ್ನಿ ಕ್ಯಾಲ್ಸಿಟ್ರಿಯಾಲ್ ತಯಾರಿ ತಗ್ಗಿಸುತ್ತದೆ. ಇದ್ದದ್ದನ್ನು ಒಡೆದು ಹಾಕುವ ಒಂದು ಕಿಣ್ವವೂ ಏರುತ್ತದೆ. ಪರೀಕ್ಷೆಗೆ ನಾವು ಬರೆಯುವ ಋಣಾತ್ಮಕ ಹಿಮ್ಮಾಹಿತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಇಷ್ಟು ಕಾವಲಿದ್ದೂ ಖಾಲಾಗೆ ಹೀಗೇಕಾಯಿತು? ಇದನ್ನೇ ನಾನು ಆ ಡಾಕ್ಟರನ್ನು ಕೇಳಿದೆ. ಕಾವಲಿರುವುದು ಕಿಡ್ನಿಯಲ್ಲಿ. ಲಿವರ್‌ನಲ್ಲಿ ಅಂಥ ಬಿಗಿಯಾದ ಕಾವಲಿಲ್ಲ, ಎಷ್ಟು ಡಿ ಬಂದರೂ ಬಹುಪಾಲನ್ನು ಅದು ಮುಂದಿನ ರೂಪಕ್ಕೆ ತಿರುಗಿಸಿಬಿಡುತ್ತದೆ. ಆ ರೂಪಕ್ಕೆ ಶಕ್ತಿ ಬಹಳ ಕಡಿಮೆ, ಆದರೆ ವಿಪರೀತ ಸೇರಿಕೊಂಡರೆ ಅದೇ ಕ್ಯಾಲ್ಸಿಟ್ರಿಯಾಲ್‌ನ ಕೆಲಸ ಮಾಡತೊಡಗುತ್ತದೆ. ಕಿಡ್ನಿ ಬಾಗಿಲು ಮುಚ್ಚಿದರೂ ಪ್ರಯೋಜನವಾಗುವುದಿಲ್ಲ. ಕರುಳು ಕ್ಯಾಲ್ಸಿಯಂ ಹೀರುತ್ತಲೇ ಇರುತ್ತದೆ, ಮೂಳೆಯಿಂದಲೂ ಬಿಡುಗಡೆಯಾಗುತ್ತದೆ. ಮೂಳೆ ಗಟ್ಟಿಯಾಗಲಿ ಎಂದು ಕೊಟ್ಟದ್ದು ಅತಿಯಾದಾಗ ಮೂಳೆಯನ್ನೇ ಕರಗಿಸುತ್ತದೆ.

ಕ್ಯಾಲ್ಸಿಯಂ ಏರಿದಾಗ ನೀರನ್ನು ಹಿಡಿದಿಡು ಎಂದು ಹೇಳುವ ಎಡಿಎಚ್ ಹಾರ್ಮೋನಿನ ಮಾತನ್ನು ಕಿಡ್ನಿ ಕೇಳುವುದಿಲ್ಲ. ಮೂತ್ರ ಹೆಚ್ಚುತ್ತದೆ, ದೇಹ ಒಣಗುತ್ತದೆ, ಬಾಯಾರಿಕೆ ತೀರುವುದಿಲ್ಲ. ಒಣಗಿದ ದೇಹದಲ್ಲಿ ಕ್ಯಾಲ್ಸಿಯಂ ಇನ್ನೂ ಗಾಢವಾಗುತ್ತದೆ. ಈದ್ ದಿನದ ಆ ಬಾಯಾರಿಕೆಗೆ ಕಾರಣ ಬೇಸಿಗೆಯಾಗಿರಲಿಲ್ಲ.

ಡಬ್ಬಿ ಸಿಕ್ಕ ದಿನ ಕಳಿಸಿದ ಪರೀಕ್ಷೆಯಲ್ಲಿ ಪ್ಯಾರಾಥೈರಾಯ್ಡ್ ಹಾರ್ಮೋನು ತಳ ಹಿಡಿದಿತ್ತು, ವಿಟಮಿನ್ ಡಿ ಯಂತ್ರ ಅಳೆಯುವ ಮಿತಿಯನ್ನೂ ದಾಟಿ "150ಕ್ಕಿಂತ ಹೆಚ್ಚು" ಎಂದು ಬಂತು. ಮೂಳೆಯ ಸ್ಕ್ಯಾನ್‌ನಲ್ಲಿ ಕ್ಯಾನ್ಸರ್ ಇರಲಿಲ್ಲ. ಕಾಯಿಲೆ ಮರಳಿರಲಿಲ್ಲ, ನಾವೇ ಹೊಸದೊಂದನ್ನು ತಂದಿದ್ದೆವು.

ಕ್ಯಾನ್ಸರ್ ಕೋಶದ ಮುಂದೆ

ಈಗ ನಾನು ಓದಿದ್ದ ಅರ್ಧ ಪುಟಕ್ಕೆ ಬರೋಣ. ಅದರಲ್ಲಿದ್ದದ್ದು ಸುಳ್ಳಲ್ಲ.

1980ರಲ್ಲಿ ಅಮೆರಿಕದ ಸೆಡ್ರಿಕ್ ಮತ್ತು ಫ್ರಾಂಕ್ ಗಾರ್ಲೆಂಡ್ ಎಂಬ ಸಹೋದರರು ಒಂದು ವಿಚಾರ ಮುಂದಿಟ್ಟರು. ಅಮೆರಿಕದಲ್ಲಿ ಬಿಸಿಲು ಕಡಿಮೆ ಇರುವ ಪ್ರದೇಶಗಳಲ್ಲಿ ದೊಡ್ಡ ಕರುಳಿನ ಕ್ಯಾನ್ಸರಿನ ಸಾವು ಹೆಚ್ಚು, ಇದಕ್ಕೆ ವಿಟಮಿನ್ ಡಿ ಕೊರತೆ ಕಾರಣವಿರಬಹುದೇ ಎಂದು. ಮರು ವರ್ಷ, 1981ರಲ್ಲಿ, ಜಪಾನಿನ ಎಟ್ಸುಕೊ ಅಬೆ ಮತ್ತು ತಾತ್ಸುಒ ಸುಡಾ ಅವರ ತಂಡ ಇಲಿಯ ರಕ್ತ ಕ್ಯಾನ್ಸರಿನ ಕೋಶಗಳಿಗೆ ಕ್ಯಾಲ್ಸಿಟ್ರಿಯಾಲ್ ಹಾಕಿ ನೋಡಿತು. ಸುಮ್ಮನೆ ವಿಭಜನೆಯಾಗುತ್ತಲೇ ಇದ್ದ ಆ ಕೋಶಗಳು ಬಲಿತು, ರೋಗಾಣು ನುಂಗುವ ಮ್ಯಾಕ್ರೋಫೇಜ್‌ಗಳಂತಾದವು. ಅದೇ ವರ್ಷ ಅಮೆರಿಕದಲ್ಲಿ ಕೇ ಕೋಲ್‌ಸ್ಟನ್, ಡೇವಿಡ್ ಫೆಲ್ಡ್‌ಮನ್ ಮತ್ತು ಸಂಗಡಿಗರು ಚರ್ಮದ ಮೆಲನೋಮಾ ಕೋಶಗಳ ಬೆಳವಣಿಗೆ ಕ್ಯಾಲ್ಸಿಟ್ರಿಯಾಲ್‌ನಿಂದ ನಿಧಾನವಾಗುವುದನ್ನು ತೋರಿಸಿದರು. ಮುಂದೆ ಸ್ತನ, ಪ್ರಾಸ್ಟೇಟ್, ಕರುಳಿನ ಕ್ಯಾನ್ಸರ್ ಕೋಶಗಳಲ್ಲೂ ಇದೇ ಕಂಡಿತು.

ಇದು ಆಗುವ ಬಗೆ ಹೀಗೆ. ಕ್ಯಾಲ್ಸಿಟ್ರಿಯಾಲ್ ಕೊಬ್ಬಿನಲ್ಲಿ ಕರಗುವ ವಸ್ತುವಾದ್ದರಿಂದ ಕೋಶಪೊರೆಯನ್ನು ದಾಟಿ ಒಳಗೆ ಹೋಗುತ್ತದೆ. ಅಲ್ಲಿ ಅದಕ್ಕೆಂದೇ ಇರುವ ಗ್ರಾಹಕ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಈ ಜೋಡಿ ಇನ್ನೊಂದು ಪ್ರೋಟೀನಿನ ಜೊತೆ ಸೇರಿ ಡಿಎನ್‌ಎಯ ಮೇಲೆ ಗೊತ್ತಾದ ಜಾಗಗಳಲ್ಲಿ ಕೂತು ಕೆಲವು ಜೀನ್‌ಗಳನ್ನು ಚಾಲೂ ಮಾಡುತ್ತದೆ, ಕೆಲವನ್ನು ಬಂದ್ ಮಾಡುತ್ತದೆ. ಈ ಗ್ರಾಹಕ ಕರುಳು, ಮೂಳೆ, ಕಿಡ್ನಿಗಳಲ್ಲಿ ಮಾತ್ರವಲ್ಲದೆ ದೇಹದ ಬಹುತೇಕ ಅಂಗಾಂಶಗಳಲ್ಲಿದೆ. ಕರುಳಿನಲ್ಲಿ ಅದು ಕ್ಯಾಲ್ಸಿಯಂ ಸಾಗಿಸುವ ಜೀನ್ ಎಬ್ಬಿಸಿದರೆ, ಕ್ಯಾನ್ಸರ್ ಕೋಶದಲ್ಲಿ ಪಿ21ರಂಥ, ವಿಭಜನೆಗೆ ತಡೆ ಹಾಕುವ ಪ್ರೋಟೀನಿನ ಜೀನ್ ಎಬ್ಬಿಸುತ್ತದೆ. ಕೋಶಚಕ್ರದ ಜಿ1 ಹಂತ ನಿಮಗೆ ನೆನಪಿರಬಹುದು. ಕೋಶ ಅಲ್ಲೇ ನಿಲ್ಲುತ್ತದೆ, ಡಿಎನ್‌ಎ ನಕಲು ಮಾಡುವ ಎಸ್ ಹಂತಕ್ಕೆ ಹೋಗುವುದಿಲ್ಲ. ಕೆಲವು ಕೋಶಗಳು ಬಲಿಯುತ್ತವೆ, ಕೆಲವು ತಾವಾಗಿ ಸಾಯುತ್ತವೆ.

ನಾನು ಓದಿದ ಅರ್ಧ ಪುಟ ಇಲ್ಲಿಗೆ ಮುಗಿದಿತ್ತು.

ನೂರು ಪಟ್ಟು, ಸಾವಿರ ಪಟ್ಟು

ಆ ಪ್ರಯೋಗಗಳಲ್ಲಿ ಎಷ್ಟು ಕ್ಯಾಲ್ಸಿಟ್ರಿಯಾಲ್ ಹಾಕಿದ್ದರು ಎಂದು ನಾನು ಅಂದು ನೋಡಲಿಲ್ಲ. ಆರೋಗ್ಯವಂತರ ರಕ್ತದಲ್ಲಿ ಒಂದು ಮಿಲಿಲೀಟರಿಗೆ ಸುಮಾರು 40 ಪಿಕೋಗ್ರಾಂ ಕ್ಯಾಲ್ಸಿಟ್ರಿಯಾಲ್ ಇರುತ್ತದೆ. ಒಂದು ಗ್ರಾಂ ಅನ್ನು ಲಕ್ಷ ಕೋಟಿ ಭಾಗ ಮಾಡಿದರೆ ಒಂದು ಪಿಕೋಗ್ರಾಂ. ರಸಾಯನಶಾಸ್ತ್ರದ ಲೆಕ್ಕದಲ್ಲಿ ಇದು ಸುಮಾರು 0.1 ನ್ಯಾನೋಮೋಲಾರ್. ಕ್ಯಾನ್ಸರ್ ಕೋಶಗಳ ಮೇಲಿನ ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಬಳಸುವುದು 10ರಿಂದ 100 ನ್ಯಾನೋಮೋಲಾರ್. ಅಂದರೆ ರಕ್ತದಲ್ಲಿರುವುದರ ನೂರರಿಂದ ಸಾವಿರ ಪಟ್ಟು.

ಗಾಜಿನ ತಟ್ಟೆಯಲ್ಲಿ ಇಷ್ಟು ಹಾಕಬಹುದು. ತಟ್ಟೆಗೆ ಕರುಳಿಲ್ಲ, ಮೂಳೆಯಿಲ್ಲ, ಹೃದಯವಿಲ್ಲ. ಮನುಷ್ಯನಲ್ಲಿ ಅಷ್ಟಕ್ಕೆ ಹೋಗುವ ಬಹಳ ಮೊದಲೇ ಕ್ಯಾಲ್ಸಿಯಂ ಏರಿ ಜೀವಕ್ಕೆ ಬರುತ್ತದೆ. 1980ರ ದಶಕದಲ್ಲೇ ರಕ್ತದ ಕಾಯಿಲೆಯವರಿಗೆ ಕ್ಯಾಲ್ಸಿಟ್ರಿಯಾಲ್ ಕೊಟ್ಟು ನೋಡಿದಾಗ ವೈದ್ಯರಿಗೆ ಎದುರಾದ ತೊಡಕು ಇದೇ. ಎರಡು ಕೆಲಸಕ್ಕೂ ಗ್ರಾಹಕ ಒಂದೇ ಆದ್ದರಿಂದ ಒಂದನ್ನು ಎಬ್ಬಿಸಿದರೆ ಇನ್ನೊಂದೂ ಏಳುತ್ತದೆ. ಸಾಲದ್ದಕ್ಕೆ, ಕ್ಯಾಲ್ಸಿಟ್ರಿಯಾಲ್ ಒಡೆಯುವ ಕಿಣ್ವವನ್ನು ಅನೇಕ ಕ್ಯಾನ್ಸರ್ ಕೋಶಗಳು ವಿಪರೀತ ತಯಾರಿಸಿಕೊಂಡು ತಪ್ಪಿಸಿಕೊಳ್ಳುತ್ತವೆ.

ಹಾಗಾಗಿ ರಸಾಯನಶಾಸ್ತ್ರಜ್ಞರು ಅಣುವಿನ ಬಾಲವನ್ನು ಅಲ್ಲಲ್ಲಿ ಬದಲಿಸಿ, ಕೋಶ ವಿಭಜನೆಯನ್ನು ತಡೆಯುವ ಆದರೆ ಕ್ಯಾಲ್ಸಿಯಂ ಅಷ್ಟಾಗಿ ಏರಿಸದ ರೂಪಗಳಿಗಾಗಿ ಹುಡುಕಿದರು. ಇಂಥ ನೂರಾರು ಸಂಯುಕ್ತಗಳು ತಯಾರಾಗಿವೆ. ಅವುಗಳಲ್ಲಿ ಗೆದ್ದದ್ದು ಕ್ಯಾಲ್ಸಿಪೊಟ್ರಿಯಾಲ್. ಚರ್ಮದ ಕೋಶಗಳು ಅವಸರದಲ್ಲಿ ವಿಭಜನೆಯಾಗುವ ಸೋರಿಯಾಸಿಸ್‌ಗೆ ಇದನ್ನು ಮುಲಾಮಿನಲ್ಲಿ ಹಚ್ಚುತ್ತಾರೆ. ಹಚ್ಚಿದಲ್ಲಿ ಕೆಲಸ ಮಾಡಿ, ರಕ್ತಕ್ಕೆ ಹೋದಷ್ಟು ಬೇಗ ಒಡೆದುಹೋಗುತ್ತದೆ. ಕಿಡ್ನಿ ಕಾಯಿಲೆಯವರ ಪ್ಯಾರಾಥೈರಾಯ್ಡ್ ತಗ್ಗಿಸಲು ಪ್ಯಾರಿಕ್ಯಾಲ್ಸಿಟಾಲ್ ಇದೆ. ಕ್ಯಾನ್ಸರಿಗೆಂದು ಪರೀಕ್ಷಿಸಿದ ಸಿಯೋಕ್ಯಾಲ್ಸಿಟಾಲ್ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ ಗಡ್ಡೆಯನ್ನು ಕುಗ್ಗಿಸಲಿಲ್ಲ, ಅದರ ಪ್ರಮಾಣ ಏರಿಸಹೋದರೆ ಕ್ಯಾಲ್ಸಿಯಂ ಅಡ್ಡ ಬಂತು.

ಮನುಷ್ಯರ ಮೇಲೆ ನೋಡಿದಾಗ

ಇನ್ನೊಂದು ಉಪಾಯವಿತ್ತು. ವಾರಕ್ಕೊಮ್ಮೆ ಮಾತ್ರ ದೊಡ್ಡ ಪ್ರಮಾಣದ ಕ್ಯಾಲ್ಸಿಟ್ರಿಯಾಲ್ ಕೊಟ್ಟರೆ ಕ್ಯಾಲ್ಸಿಯಂ ಸ್ವಲ್ಪ ಹೊತ್ತು ಏರಿ ಇಳಿಯುತ್ತದೆ. ಹೀಗೆ ಕೀಮೋ ಔಷಧಿಯ ಜೊತೆ ಪ್ರಾಸ್ಟೇಟ್ ಕ್ಯಾನ್ಸರಿನವರಿಗೆ ಕೊಟ್ಟಾಗ ಮೊದಲ ಪರೀಕ್ಷೆ ಆಸೆ ಹುಟ್ಟಿಸಿತು. ಆಮೇಲೆ ಸುಮಾರು 950 ರೋಗಿಗಳ ದೊಡ್ಡ ಪರೀಕ್ಷೆ ನಡೆಯಿತು. ಕ್ಯಾಲ್ಸಿಟ್ರಿಯಾಲ್ ಪಡೆದ ಗುಂಪಿನಲ್ಲೇ ಸಾವು ಹೆಚ್ಚು ಕಂಡಿದ್ದರಿಂದ 2007ರಲ್ಲಿ ಅದನ್ನು ನಡುವೆಯೇ ನಿಲ್ಲಿಸಬೇಕಾಯಿತು. ಎರಡು ಗುಂಪಿಗೂ ಕೀಮೋ ಕೊಟ್ಟ ಕ್ರಮ ಬೇರೆಬೇರೆ ಇತ್ತು, ಅದರದ್ದೂ ಪಾಲಿರಬಹುದು. ಆದರೆ ಲಾಭವಂತೂ ಕಾಣಲಿಲ್ಲ.

ಇವು ಕಾಯಿಲೆ ಬಂದವರ ಮಾತು. ಬರುವ ಮೊದಲೇ ತಡೆಯಬಹುದೇ? ಅಮೆರಿಕದ ವೈಟಲ್ ಎಂಬ ಅಧ್ಯಯನದಲ್ಲಿ 25,871 ಜನರಿದ್ದರು. ಅರ್ಧದಷ್ಟು ಜನರಿಗೆ ದಿನಕ್ಕೆ 2000 ಯೂನಿಟ್ ವಿಟಮಿನ್ ಡಿ, ಉಳಿದವರಿಗೆ ಅದೇ ಥರ ಕಾಣುವ ಖಾಲಿ ಮಾತ್ರೆ. ಐದು ವರ್ಷಕ್ಕೂ ಹೆಚ್ಚು ನಡೆದು 2018ರಲ್ಲಿ ಫಲಿತಾಂಶ ಬಂತು. ಡಿ ಪಡೆದವರಲ್ಲಿ 793 ಜನರಿಗೆ ಕ್ಯಾನ್ಸರ್, ಖಾಲಿ ಮಾತ್ರೆಯವರಲ್ಲಿ 824. ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದು. ಕ್ಯಾನ್ಸರಿನಿಂದ ಸತ್ತವರು 154 ಮತ್ತು 187. ಇದು ಸ್ವಲ್ಪ ಆಶಾದಾಯಕ, ಆದರೆ ಖಚಿತವೆಂದು ಹೇಳುವಷ್ಟಲ್ಲ.

ಆಸ್ಟ್ರೇಲಿಯಾದ ಡಿ-ಹೆಲ್ತ್ ಅಧ್ಯಯನ ನನ್ನನ್ನು ಹೆಚ್ಚು ಕಾಡಿತು. ಅಲ್ಲಿ 60 ದಾಟಿದ 21,315 ಜನರಿಗೆ ಐದು ವರ್ಷ ಕೊಟ್ಟದ್ದು 60,000 ಯೂನಿಟ್, ಅಂದರೆ ನಮ್ಮ ಪೊಟ್ಟಣದಲ್ಲಿರುವಷ್ಟೇ ಅಥವಾ ಖಾಲಿ ಮಾತ್ರೆ. ಅದೂ ತಿಂಗಳಿಗೊಮ್ಮೆ. 2022ರಲ್ಲಿ ಬಂದ ಫಲಿತಾಂಶದ ಪ್ರಕಾರ ಒಟ್ಟು ಸಾವೂ ಕಡಿಮೆಯಾಗಲಿಲ್ಲ, ಕ್ಯಾನ್ಸರಿನ ಸಾವೂ ಕಡಿಮೆಯಾಗಲಿಲ್ಲ. ಅವರು ತಿಂಗಳಿಗೆ ಕೊಟ್ಟದ್ದನ್ನು ನಾವು ದಿನಕ್ಕೆ ಕೊಟ್ಟಿದ್ದೆವು.

ಡಬ್ಬಿಯ ಲೆಕ್ಕ ನಾನೇ ಮಾಡಿದೆ. ನಮ್ಮ ದೇಶದ ಐಸಿಎಂಆರ್ 2020ರಲ್ಲಿ ವಯಸ್ಕರಿಗೆ ಹೇಳಿರುವುದು ದಿನಕ್ಕೆ 600 ಯೂನಿಟ್. ಒಂದು ಪೊಟ್ಟಣವೆಂದರೆ 100 ದಿನದ್ದು. 83 ಪೊಟ್ಟಣವೆಂದರೆ 8300 ದಿನದ್ದು, 22 ವರ್ಷಕ್ಕೂ ಹೆಚ್ಚು. ಅಷ್ಟನ್ನು ಖಾಲಾ ಮೂರು ತಿಂಗಳೊಳಗೆ ಕುಡಿದಿದ್ದರು, ಗುಣವಾಗಬೇಕೆಂಬ ಆಸೆಯಿಂದ, ಒಂದು ದಿನವೂ ತಪ್ಪಿಸದೆ.

ಹಾಗಾದರೆ ನಾವೇನು ಮಾಡಬೇಕು?

ಇದನ್ನು ಓದಿ ಯಾರೂ ವಿಟಮಿನ್ ಡಿ ಎಂದರೆ ವಿಷ ಎಂದುಕೊಳ್ಳಬಾರದು. ಕೊರತೆ ನಿಜ, ಬಿಸಿಲಿನ ನಾಡಾದ ಭಾರತದಲ್ಲೂ ಅದು ವ್ಯಾಪಕವಾಗಿದೆ. ಖಾಲಾಗೆ ವಾರಕ್ಕೊಂದು ಪೊಟ್ಟಣ ಬರೆದುಕೊಟ್ಟದ್ದು ಸರಿಯಾಗಿಯೇ ಇತ್ತು. ವಾರವನ್ನು ದಿನ ಮಾಡಿದ್ದು ನಮ್ಮ ತಪ್ಪು.

ನಮ್ಮ ಹೆಣ್ಣುಮಕ್ಕಳಲ್ಲಿ ಕೊರತೆ ಹೆಚ್ಚಿದ್ದರೆ ಬುರ್ಖಾವೇ ಕಾರಣ ಎಂದು ಕೆಲವರು ಹೇಳುತ್ತಾರೆ. ಮೈ ಮುಚ್ಚುವ ಬಟ್ಟೆ ಒಂದು ಕಾರಣ ಹೌದು. ಆದರೆ ಇಡೀ ದಿನ ಆಫೀಸಿನಲ್ಲಿ ಕೂರುವವರು, ಟ್ಯೂಷನ್ನಿಂದ ಟ್ಯೂಷನ್ನಿಗೆ ಓಡುವ ನಮ್ಮ ಹುಡುಗರು ಇವರಲ್ಲೂ ಕೊರತೆಯಿದೆ. ಚರ್ಮದ ಬಣ್ಣ ಕಪ್ಪಾದಷ್ಟೂ ಹೆಚ್ಚು ಹೊತ್ತು ಬಿಸಿಲು ಬೇಕು. ಉಪಾಯ ಕಷ್ಟದ್ದಲ್ಲ. ಮನೆಯ ಹಿತ್ತಲಲ್ಲೋ, ಮರೆಯಿರುವ ತಾರಸಿಯ ಮೇಲೋ ಕೈಕಾಲಿಗೆ ಬಿಸಿಲು ತಾಗುವಂತೆ ವಾರದಲ್ಲಿ ಕೆಲವು ದಿನ ಸ್ವಲ್ಪ ಹೊತ್ತು, ಚರ್ಮ ಉರಿಯುವ ಮೊದಲು ಎದ್ದುಬರುವ ಹಾಗೆ ಕೂತರೆ ಆಯಿತು. ಎಳೆಬಿಸಿಲು ಹಿತವಾಗಿದ್ದರೂ ಅದರಲ್ಲಿ ಬೇಕಾದ ಕಿರಣ ತೀರ ಕಡಿಮೆ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿರುವ ಹೊತ್ತು ಸರಿಯಾದ ಹೊತ್ತು. ಕಿಟಕಿಯ ಗಾಜಿನ ಹಿಂದೆ ಕೂತರೆ ಪ್ರಯೋಜನವಿಲ್ಲ, ಗಾಜು ಆ ಕಿರಣವನ್ನು ತಡೆಯುತ್ತದೆ. ಇನ್ನೊಂದು ವಿಶೇಷ: ಬಿಸಿಲಿನಿಂದ ಡಿ ಅತಿಯಾಗುವುದಿಲ್ಲ. ಸಾಕಷ್ಟಾದ ಮೇಲೆ ಚರ್ಮ ಅದನ್ನು ಬೇರೆ ನಿರುಪಯೋಗಿ ರೂಪಕ್ಕೆ ತಿರುಗಿಸಿಬಿಡುತ್ತದೆ. ಪೊಟ್ಟಣಕ್ಕೆ ಅಂಥ ತಡೆಯಿಲ್ಲ.

ಪುಡಿ, ಇಂಜೆಕ್ಷನ್ ಯಾವುದಾದರೂ ಡಾಕ್ಟರು ಎಷ್ಟು ದಿನ ಎಂದಿದ್ದಾರೋ ಅಷ್ಟೇ ದಿನ. ಮನೆಯಲ್ಲಿ ಹಿರಿಯರಿದ್ದರೆ ಅವರ ಚೀಟಿಯಲ್ಲಿ "ವಾರಕ್ಕೊಮ್ಮೆ" ಎಂದಿದೆಯೋ "ದಿನಕ್ಕೊಮ್ಮೆ" ಎಂದಿದೆಯೋ ನೀವೇ ಓದಿ ಹೇಳಿ. ಆ ಮನೆಯಲ್ಲಿ ಇಂಗ್ಲಿಷ್ ಓದಬಲ್ಲವರು ನೀವೊಬ್ಬರೇ ಇರಬಹುದು. ಆಸ್ಪತ್ರೆಗೆ ಹೋದಾಗ ಮನೆಯಲ್ಲಿ ಕೊಡುತ್ತಿರುವುದೆಲ್ಲವನ್ನೂ ಕೇಳುವ ಮೊದಲೇ ಹೇಳಿ. ನಾವು ಮೊದಲ ದಿನವೇ ಆ ಡಬ್ಬಿ ತೋರಿಸಿದ್ದರೆ ಆ ಎರಡು ರಾತ್ರಿ ಇರುತ್ತಿರಲಿಲ್ಲ.

ಖಾಲಾಗೆ ಡ್ರಿಪ್ ಹಾಕಿ, ಕ್ಯಾಲ್ಸಿಯಂ ಇಳಿಸುವ ಔಷಧಿ ಕೊಟ್ಟು ಹನ್ನೊಂದನೆಯ ದಿನ ಮನೆಗೆ ಕಳಿಸಿದರು. ಡಿ ಕೊಬ್ಬಿನಲ್ಲಿ ಸೇರಿಕೊಂಡಿರುವುದರಿಂದ ಪೂರ್ತಿ ಇಳಿಯಲು ತಿಂಗಳುಗಳೇ ಬೇಕಾದವು. ಅಷ್ಟು ದಿನವೂ ಹಾಲು, ಮೊಸರು ಕಡಿಮೆ. ಕಿಡ್ನಿ ಬಹುಮಟ್ಟಿಗೆ ಸುಧಾರಿಸಿದೆ, ಮೊದಲಿನಷ್ಟಿಲ್ಲ. ಯಾರೂ ನನ್ನನ್ನು ಬೈಯಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು.

ಮೊನ್ನೆ ಖಾಲು ಇನ್ನೊಂದು ಸಂದೇಶ ಕಳಿಸಿದರು. ಈ ಸಲ ಯಾವುದೋ ಎಲೆಯ ಕಷಾಯದ್ದು. ಕೆಳಗೆ, "ಅವಸರವಿಲ್ಲ ಬೇಟಿ, ಪೂರ್ತಿ ಓದಿ ಹೇಳು" ಎಂದು ಬರೆದಿದ್ದರು. ನಾನು ಎರಡು ದಿನ ಓದಿದೆ. ಆಮೇಲೆ ಫೋನ್ ಮಾಡಿ, "ಇದು ನನಗೆ ತಿಳಿಯುತ್ತಿಲ್ಲ ಖಾಲು, ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ನಾನೂ ಬರುತ್ತೇನೆ, ಅವರನ್ನೇ ಕೇಳೋಣ" ಎಂದೆ.